ಪಾಲಿನ ದಾವೆ ಹೊಸ್ತಿಲಲ್ಲೇ ಯಾಕೆ ನಿಂತುಬಿಡುತ್ತೆ: ಕೊಡಗಿನ ಜಮೀನು ಕೇಸುಗಳಲ್ಲಿ ಪ್ರಾಥಮಿಕ ಆಕ್ಷೇಪಣೆ

ನಮ್ಮ ಚಿಕ್ಕಮ್ಮ ತವರಿನ ಆಸ್ತಿಲಿ ಪಾಲು ಕೇಳಿ ಕೋರ್ಟಿಗೆ ಹೋಗಿದ್ದು 2019ರಲ್ಲಿ. ಸೋಮವಾರಪೇಟೆ ಕಡೆ ಆರು ಎಕ್ರೆ ಚಿಲ್ಲರೆ ಕಾಫಿ ತೋಟ, ಎರಡು ಎಕ್ರೆ ಗದ್ದೆ, ಒಂದು ಹಳೇ ಹೆಂಚಿನ ಮನೆ. ಇವತ್ತಿಗೂ ಆ ಕೇಸಲ್ಲಿ ಒಬ್ಬ ಸಾಕ್ಷಿನೂ ಕಟಕಟೆ ಹತ್ತಿಲ್ಲ. ತಾತ ವಿಲ್ ಬರೆದಿದ್ರಾ, ಮಾವಂದಿರು ಚಿಕ್ಕಮ್ಮನಿಗೆ ಏನಾದ್ರೂ ಕೊಟ್ಟು ಮುಗಿಸಿದ್ರಾ, ಯಾರಿಗೆ ಎಷ್ಟು ಪಾಲು ಬರುತ್ತೆ, ಇದ್ಯಾವುದನ್ನೂ ಯಾರೂ ಇನ್ನೂ ಕೇಳೇ ಇಲ್ಲ. ಇಷ್ಟು ವರ್ಷ ಜಗ್ಗಾಟ ನಡೆದಿದ್ದು ಒಂದೇ ಪ್ರಶ್ನೆ ಮೇಲೆ, ಈ ದಾವೆಯನ್ನ ಕೋರ್ಟು ಕೇಳೋಕೇ ಬರುತ್ತಾ ಇಲ್ವಾ ಅಂತ. ಇದಕ್ಕೇ ಪ್ರಾಥಮಿಕ ಆಕ್ಷೇಪಣೆ ಅನ್ನೋದು. ವಾಯ್ದೆಗೆ ಚಿಕ್ಕಮ್ಮನ ಜೊತೆ ನಾನೂ ಹೋಗಿ ಹೋಗಿ, ಕಾರಿಡಾರ್ ಬೆಂಚಲ್ಲಿ ಕೂತು, ಕೇಸ್ ಕಾಗದ ಓದಿ ಓದಿ ಒಂದಷ್ಟು ಅರ್ಥ ಮಾಡ್ಕೊಂಡಿದೀನಿ, ಕೊಡಗಲ್ಲಿ ಇಂಥ ದಾವೆ ಇಲ್ಲದ ಊರೇ ಇಲ್ಲ ಅನ್ನೋ ಹಾಗಾಗಿದೆ, ಅದಕ್ಕೇ ಬರೀತಿದೀನಿ.

ಪ್ರತಿವಾದಿ ಕೋರ್ಟಿಗೆ ಬಂದಾಗ ಅವರ ಮುಂದೆ ಎರಡು ದಾರಿ ಇರುತ್ತೆ. ಒಂದು, ನೀವು ಹೇಳ್ತಿರೋದು ಸುಳ್ಳು, ನಿಮಗೆ ಪಾಲಿಲ್ಲ ಅಂತ ವಿಷಯಕ್ಕೇ ಉತ್ತರ ಕೊಡೋದು. ಇನ್ನೊಂದು, ನೀವು ಹೇಳ್ತಿರೋದು ನಿಜಾನೇ ಇರ್ಲಿ, ಆದ್ರೂ ಈ ದಾವೆ ನಿಲ್ಲಲ್ಲ, ಯಾಕಂದ್ರೆ ಕಾಲ ಮೀರಿದೆ, ಸೇರಿಸಬೇಕಾದವರನ್ನ ಸೇರಿಸಿಲ್ಲ, ಕೋರ್ಟ್ ಫೀ ಕಮ್ಮಿ ಕಟ್ಟಿದೀರ, ಈ ಕೋರ್ಟಿಗೆ ಅಧಿಕಾರನೇ ಇಲ್ಲ, ಹಿಂದೆ ಒಂದು ದಾವೇಲಿ ಇದು ತೀರ್ಮಾನ ಆಗಿದೆ, ಹೀಗೆ ಹೇಳೋದು. ಈ ಎರಡನೇ ದಾರಿ ತಪ್ಪೇನಲ್ಲ. ಯಾವ ಬುಡವೂ ಇಲ್ಲದ ದಾವೆ ಹಾಕಿ ಹತ್ತು ವರ್ಷ ಅಲೆದಾಡಿಸೋರೂ ಇದಾರೆ, ಅಂಥದ್ದನ್ನ ಹೊಸ್ತಿಲಲ್ಲೇ ತಡೆಯೋಕೆ ಕಾನೂನೇ ಮಾಡಿಟ್ಟ ಬಾಗಿಲು ಇದು. ಚಾಣಾಕ್ಷತನದಿಂದ ಬರೆದು ದಾವೆಗೆ ಕಾರಣ ಇದೆ ಅನ್ನೋ ಭ್ರಮೆ ಹುಟ್ಟಿಸಿದ್ರೆ ಅದನ್ನ ಮೊದಲ ವಿಚಾರಣೇಲೇ ಚಿವುಟಿ ಹಾಕ್ಬೇಕು ಅಂತ ಸುಪ್ರೀಂ ಕೋರ್ಟು 1977ರಲ್ಲೇ, ಅರಿವಂದಂದಂ ಕೇಸಲ್ಲಿ ಹೇಳಿದೆ.

ಸಿವಿಲ್ ಪ್ರೊಸೀಜರ್ ಕೋಡ್ 1908ರಲ್ಲಿ ಇದಕ್ಕೆ ಎರಡು ಜಾಗ ಇದೆ, ಎರಡೂ ಬೇರೆ ಬೇರೆ, ಜನ ಯಾವಾಗ್ಲೂ ಗೊಂದಲ ಮಾಡ್ಕೊಳ್ಳೋದೂ ಇಲ್ಲೇ. ಆರ್ಡರ್ 7 ರೂಲ್ 11 ಅಂದ್ರೆ ವಾದಿ ಬರೆದುಕೊಟ್ಟ ದಾವಾಪತ್ರವನ್ನೇ ತಿರಸ್ಕರಿಸಿ ಅಂತ ಕೇಳೋದು. ಲಾಯರ್‌ಗಳ ಬಾಯಲ್ಲಿ ಇದು ಸೆವೆನ್ ಇಲೆವೆನ್. ಆರ್ಡರ್ 14 ರೂಲ್ 2 ಅಂದ್ರೆ ಇಶ್ಯೂಗಳನ್ನ, ಅಂದ್ರೆ ಕೋರ್ಟು ತೀರ್ಮಾನಿಸಬೇಕಾದ ಪ್ರಶ್ನೆಗಳನ್ನ, ಬರೆದಾದ ಮೇಲೆ ಅದರಲ್ಲಿ ಒಂದನ್ನ ಮೊದಲು ತೀರ್ಮಾನ ಮಾಡಿ ಅಂತ ಕೇಳೋದು, ಪ್ರಿಲಿಮಿನರಿ ಇಶ್ಯೂ. 1976ರ ತಿದ್ದುಪಡಿ ಆದ್ಮೇಲೆ ಈ ಎರಡನೇದು ಬಹಳ ಕಿರಿದಾಗಿದೆ. ಕೋರ್ಟು ಎಲ್ಲಾ ಇಶ್ಯೂ ಮೇಲೂ ಒಟ್ಟಿಗೇ ತೀರ್ಪು ಕೊಡ್ಬೇಕು ಅನ್ನೋದು ನಿಯಮ, ಬರೀ ಕಾನೂನಿನ ಪ್ರಶ್ನೆ ಆಗಿದ್ದು ಅದೂ ಕೋರ್ಟಿನ ಅಧಿಕಾರಕ್ಕೋ ಅಥವಾ ಕಾನೂನಿನ ತಡೆಗೋ ಸಂಬಂಧಪಟ್ಟಿದ್ರೆ ಮಾತ್ರ ಮೊದಲು ಕೈಗೆತ್ತಿಕೊಳ್ಳಬಹುದು. ಸಾಕ್ಷಿ ಕೇಳದೆ ಹೇಳೋಕೆ ಬರದ ಪ್ರಶ್ನೆಯನ್ನ ಮೊದಲು ತಗೊಳ್ಳೋ ಹಾಗಿಲ್ಲ.

ಸೆವೆನ್ ಇಲೆವೆನ್‌ಗೆ ಇನ್ನೂ ಒಂದು ಕಟ್ಟು ಇದೆ, ಈ ಲೇಖನದಲ್ಲಿ ಒಂದೇ ಒಂದು ಮಾತು ನೆನಪಿಟ್ಕೊಳ್ಳೋದಾದ್ರೆ ಇದನ್ನೇ ಇಟ್ಕೊಳ್ಳಿ. ಆ ಅರ್ಜಿ ತೀರ್ಮಾನ ಮಾಡುವಾಗ ಜಡ್ಜು ನೋಡೋದು ದಾವಾಪತ್ರ ಮತ್ತು ಅದರ ಜೊತೆ ಹಾಕಿರೋ ದಾಖಲೆ ಮಾತ್ರ. ಪ್ರತಿವಾದಿ ತನ್ನ ಉತ್ತರದಲ್ಲಿ ಏನು ಬರೆದಿದಾನೆ ಅನ್ನೋದು ಆಗ ಲೆಕ್ಕಕ್ಕೇ ಬರಲ್ಲ. 2002ರ ಸಲೀಂ ಭಾಯ್ ತೀರ್ಪಿನಿಂದ ಹಿಡಿದು ಇದನ್ನ ಮತ್ತೆ ಮತ್ತೆ ಹೇಳಿದಾರೆ. ಕೇಳೋಕೆ ಇದು ವಾದಿಗೆ ಒಳ್ಳೇದು ಅನ್ಸುತ್ತೆ, ಹೌದು, ಒಳ್ಳೇದೇ. ಆದ್ರೆ ಇದರ ಇನ್ನೊಂದು ಮುಖ ಏನಂದ್ರೆ ದಾವಾಪತ್ರದಲ್ಲಿ ಬರೆಯದೇ ಇದ್ದಿದ್ದು ಆ ಹಂತದಲ್ಲಿ ಇಲ್ಲವೇ ಇಲ್ಲ. ನಿಮ್ಮ ಮನಸಲ್ಲಿ ಇದ್ರೆ ಆಗಲ್ಲ, ಲಾಯರ್ ಫೈಲಲ್ಲಿ ಇದ್ರೂ ಆಗಲ್ಲ.

ಚಿಕ್ಕಮ್ಮನ ಕೇಸಲ್ಲಿ ಆಗಿದ್ದು ಇದೇ. ಮದುವೆ ಆಗಿದ್ದು 1991ರಲ್ಲಿ. ಆವಾಗಿಂದ ಪ್ರತಿ ವರ್ಷ ಕೊಯ್ಲು ಮುಗಿದು ಕಣ ಖಾಲಿ ಆದ್ಮೇಲೆ ತವರಿಂದ ಒಂದು ಚೀಲ ಅಕ್ಕಿ, ಒಂದಷ್ಟು ಕಾಳುಮೆಣಸು, ಲಕೋಟೆಲಿ ಸ್ವಲ್ಪ ದುಡ್ಡು ಬರ್ತಿತ್ತು. ತಾತ 1998ರಲ್ಲಿ ತೀರಿಕೊಂಡ ಮೇಲೂ ಮಾವಂದಿರು ಅದನ್ನ ನಿಲ್ಸಲಿಲ್ಲ, ಮೆಣಸಿನ ಚೀಲದ ಬಾಯಿ ಬಾಳೆ ನಾರಲ್ಲಿ ಕಟ್ಟಿರ್ತಿತ್ತು, ನಾವು ಮಕ್ಕಳು ಬಿಚ್ಚೋಕೆ ಜಗಳ ಆಡ್ತಿದ್ವಿ. ನಿಂತಿದ್ದು 2016ರಲ್ಲಿ. ಆ ವರ್ಷ ದೊಡ್ಡಮಾವ, ಇನ್ನು ನಿಂದೇನೂ ಇಲ್ಲ ಇಲ್ಲಿ ಅಂತ ಮುಖಕ್ಕೇ ಹೇಳಿದ್ರು. ಈ ವಿಷಯ ಮನೆಲಿ ಎಲ್ಲರಿಗೂ ಗೊತ್ತು, ಆದ್ರೆ ದಾವಾಪತ್ರದಲ್ಲಿ ಒಂದು ಸಾಲೂ ಇರ್ಲಿಲ್ಲ. ಬರೆದುಕೊಟ್ಟ ಲಾಯರ್ ಕೇಳ್ಲಿಲ್ಲ, ಚಿಕ್ಕಮ್ಮನಿಗೆ ಹೇಳ್ಬೇಕು ಅಂತ ಗೊತ್ತಿರ್ಲಿಲ್ಲ, ಮೆಣಸು ಕೊಡ್ತಿದ್ದಿದ್ದನ್ನ ಕೋರ್ಟಲ್ಲಿ ಹೇಳೋದು ಸಣ್ಣತನ ಅಂತಾನೂ ಅನ್ಕೊಂಡಿದ್ರು ಪಾಪ. ದಾವಾಪತ್ರದಲ್ಲಿ ಇದ್ದಿದ್ದು, ತಾತ ತೀರಿಕೊಂಡ್ರು, ಪ್ರತಿವಾದಿಗಳು ಜಮೀನು ಅನುಭವಿಸ್ತಿದಾರೆ, ಪಾಲು ಕೇಳಿದ್ರೆ ಕೊಡ್ತಿಲ್ಲ, ಇಷ್ಟೇ.

ಈಗ ಎದುರು ಕಡೆಯವರು ಎತ್ತಿದ ಆಕ್ಷೇಪಣೆ ನೋಡಿ. ಮೊದಲನೇದು ಕಾಲಮಿತಿ, ಲಿಮಿಟೇಷನ್. 1998ರಲ್ಲೇ ತೀರಿಕೊಂಡಿದಾರೆ, ಅವತ್ತಿಂದ ಪ್ರತಿವಾದಿಗಳೇ ಅನುಭವದಲ್ಲಿದಾರೆ ಅಂತ ಇವರೇ ಬರ್ಕೊಂಡಿದಾರೆ, 12 ವರ್ಷ ಯಾವತ್ತೋ ಮುಗಿದೋಯ್ತು ಅಂತ. ಆದ್ರೆ 1963ರ ಲಿಮಿಟೇಷನ್ ಕಾಯ್ದೆಯ 110ನೇ ಆರ್ಟಿಕಲ್ ಓದಿದ್ರೆ, ಒಟ್ಟು ಕುಟುಂಬದ ಆಸ್ತಿಯಿಂದ ಹೊರಗಿಟ್ಟವರಿಗೆ 12 ವರ್ಷದ ಲೆಕ್ಕ ಶುರುವಾಗೋದು ತಮ್ಮನ್ನ ಹೊರಗಿಟ್ಟಿದಾರೆ ಅಂತ ಗೊತ್ತಾದ ದಿನದಿಂದ. ಸಾವಿನ ದಿನದಿಂದ ಅಲ್ಲ. ಒಬ್ಬ ಪಾಲುದಾರ ಉಳುಮೆ ಮಾಡ್ತಿದಾನೆ ಅಂದ್ರೆ ಅದು ಎಲ್ಲಾ ಪಾಲುದಾರರ ಪರವಾಗಿ ಅಂತಾನೇ ಕಾನೂನು ನೋಡುತ್ತೆ, ಬಹಿರಂಗವಾಗಿ ನಿನ್ನ ಹಕ್ಕು ಇಲ್ಲ ಅಂತ ಹೇಳಿ ಹೊರಗೆ ಹಾಕಿದಾಗಲೇ ಗಡಿಯಾರ ಓಡೋದು. ಹಾಗಿದ್ರೆ 2016ರ ಆ ಮಾತು, ಅಲ್ಲಿವರೆಗೂ ಬಂದ ಮೆಣಸಿನ ಚೀಲ, ಇವೆರಡು ಬರೆದಿದ್ದಿದ್ರೆ ಈ ಆಕ್ಷೇಪಣೆ ಅವತ್ತೇ ಸತ್ತುಹೋಗ್ತಿತ್ತು. ಬರೆದಿರ್ಲಿಲ್ಲ, ಅದಕ್ಕೇ ಅದು ಜೀವ ಹಿಡ್ಕೊಂಡು ನಿಂತಿತು. ಕಾಲಮಿತಿ ವಿಷಯದಲ್ಲಿ ಕೋರ್ಟುಗಳು ಮೃದುವಾಗೇನೂ ಇಲ್ಲ, 2020ರ ದಹಿಬೆನ್ ಕೇಸಲ್ಲಿ ಗುಜರಾತಿನ ಒಂದು ಜಮೀನು ಮಾರಾಟದ ದಾವೆ ತಡವಾಗಿದೆ ಅನ್ನೋದು ದಾವಾಪತ್ರದಿಂದಲೇ ಕಾಣುತ್ತೆ ಅಂತ ಸುಪ್ರೀಂ ಕೋರ್ಟು ತಿರಸ್ಕಾರವನ್ನೇ ಎತ್ತಿಹಿಡೀತು.

ಎರಡನೇದು ಕೋರ್ಟ್ ಫೀ. ಇಲ್ಲೂ ಅದೇ ಚೀಲದ ಪ್ರಶ್ನೆ, ಚಿಕ್ಕಮ್ಮ ಆಸ್ತಿಯ ಅನುಭವದಲ್ಲಿ ಇದ್ರಾ ಇಲ್ವಾ ಅಂತ. ಕರ್ನಾಟಕದ 1958ರ ಕೋರ್ಟ್ ಫೀ ಕಾಯ್ದೆಯ 35ನೇ ಸೆಕ್ಷನ್ ಪ್ರಕಾರ ವಾದಿ ಜಂಟಿ ಅನುಭವದಲ್ಲಿ ಇದ್ರೆ ಪಾಲಿನ ದಾವೆಗೆ ನಿಗದಿ ಫೀ, ಹೆಚ್ಚೆಂದ್ರೆ 200 ರೂಪಾಯಿ. ಹೊರಗೆ ಹಾಕಿಬಿಟ್ಟಿದ್ರೆ ಅವರ ಪಾಲಿನ ಬೆಲೆ ಮೇಲೆ ಲೆಕ್ಕ. ಹಂಗಾಗಿ ಎದುರು ಪಕ್ಷದವರು ಯಾವಾಗ್ಲೂ ಹೇಳೋದು, ನೀನು ಮದುವೆ ಆಗಿ ಹೋಗಿ ಮೂವತ್ತು ವರ್ಷ ಆಯ್ತು, ನೀನೆಲ್ಲಿ ಅನುಭವದಲ್ಲಿದೀಯ, ಪೂರ್ತಿ ಫೀ ಕಟ್ಟು ಅಂತ. ಕಂದಾಯ ಕಟ್ಟೋ ಸಾಗುವಳಿ ಜಮೀನಾದ್ರೆ ಕಂದಾಯದ 25 ಪಟ್ಟು ಅಂತ ಬೆಲೆ ಹಿಡಿಯೋ ದಾರಿ ಇದೆ, ಅದು ದೊಡ್ಡ ಹೊರೆ ಅಲ್ಲ. ಆದ್ರೆ ಈಗ ಕೊಡಗಲ್ಲಿ ತೋಟದ ಒಂದು ಮೂಲೆ ಕನ್ವರ್ಷನ್ ಆಗಿ ಹೋಮ್‌ಸ್ಟೇ ಎದ್ದಿರುತ್ತೆ, ಆ ಭಾಗಕ್ಕೆ ಮಾರ್ಕೆಟ್ ಬೆಲೆ ಲೆಕ್ಕ ಬರುತ್ತೆ, ಅಲ್ಲಿ ಫೀ ಸಾವಿರಗಟ್ಟಲೆ ಲಕ್ಷಗಟ್ಟಲೆ ಏರುತ್ತೆ. ಪ್ರತಿವಾದಿ ಫೀ ವಿಷಯ ಎತ್ತಿದ್ರೆ ಸಾಕ್ಷಿ ವಿಚಾರಣೆ ಶುರುವಾಗೋ ಮೊದಲೇ ಅದನ್ನ ತೀರ್ಮಾನಿಸ್ಬೇಕು ಅಂತ ಅದೇ ಕಾಯ್ದೆಯ 11ನೇ ಸೆಕ್ಷನ್ ಹೇಳುತ್ತೆ. ಒಂದು ಸಮಾಧಾನ ಏನಂದ್ರೆ ಫೀ ಕಮ್ಮಿ ಅಂತ ದಾವೆಯನ್ನ ಏಕ್‌ದಂ ಎಸೆಯೋ ಹಾಗಿಲ್ಲ, ಇಷ್ಟು ದಿನದಲ್ಲಿ ಕಟ್ಟು ಅಂತ ಟೈಮ್ ಕೊಡ್ಬೇಕು, ಆಮೇಲೂ ಕಟ್ಟದಿದ್ರೆ ಮಾತ್ರ ತಿರಸ್ಕಾರ.

ಮೂರನೇದು ನನ್ನ ಅಮ್ಮ.

ಅಮ್ಮ ಚಿಕ್ಕಮ್ಮನ ಸ್ವಂತ ಅಕ್ಕ, ಅದೇ ತಾತನ ಮಗಳು, ಅಷ್ಟೇ ಹಕ್ಕಿರೋಳು. ಅಣ್ಣತಮ್ಮಂದಿರ ಮೇಲೆ ನಾನು ಕೋರ್ಟಿಗೆ ಹೋಗಲ್ಲ ಅಂತ ಅಮ್ಮ ಕಡ್ಡಿ ಮುರಿದ ಹಾಗೆ ಹೇಳಿಬಿಟ್ರು. ಸರಿ ಬೇಡ ಬಿಡಿ ಅಂತ ಅಮ್ಮನ ಹೆಸರೇ ಇಲ್ಲದೆ ದಾವೆ ಹಾಕಿದ್ರು. ಎದುರು ಲಾಯರ್‌ಗೆ ಇದಕ್ಕಿಂತ ಏನು ಬೇಕು? ಪಾಲಿನ ದಾವೇಲಿ ಪ್ರತಿಯೊಬ್ಬ ಪಾಲುದಾರನೂ ಅವಶ್ಯ ಪಕ್ಷಗಾರ, ಒಬ್ಬರನ್ನ ಬಿಟ್ರೂ ಪಾಲು ಅಳೆಯೋಕೇ ಆಗಲ್ಲ. ಸಾಮಾನ್ಯವಾಗಿ ಯಾರನ್ನೋ ಸೇರಿಸಿಲ್ಲ ಅಂತ ದಾವೆ ಬೀಳ್ಬಾರದು ಅಂತ ಆರ್ಡರ್ 1 ರೂಲ್ 9 ಹೇಳುತ್ತೆ, ಆದ್ರೆ ಅವಶ್ಯ ಪಕ್ಷಗಾರರ ವಿಷಯದಲ್ಲಿ ಆ ರಕ್ಷಣೆ ಇಲ್ಲ. 1960ರ ದಶಕದಲ್ಲಿ ಸುಪ್ರೀಂ ಕೋರ್ಟಿಗೆ ಹೋದ ಕನಕರತ್ನಮ್ಮಾಳ್ ಕೇಸು ಇದಕ್ಕೆ ಈಗಲೂ ಉದಾಹರಣೆ, ತಾಯಿಯ ಆಸ್ತಿಗಾಗಿ ಹೋರಾಡಿದ ಮಗಳು ತನ್ನ ಸಹೋದರರನ್ನ ದಾವೆಗೆ ಸೇರಿಸದೇ ಇದ್ದಿದ್ದಕ್ಕೆ ಅಷ್ಟು ದೂರ ಹೋಗಿಯೂ ಸೋತರು.

ಇದಕ್ಕೆ ಪರಿಹಾರ ಬಹಳ ಸುಲಭ ಇತ್ತು ಅನ್ನೋದೇ ನನಗೆ ಈಗಲೂ ಹೊಟ್ಟೆ ಉರಿಸೋ ವಿಷಯ. ವಾದಿಯಾಗಿ ಬರೋಕೆ ಒಪ್ಪದ ಪಾಲುದಾರರನ್ನ ಪ್ರತಿವಾದಿ ಅಂತ ತೋರಿಸಿದ್ರೆ ಮುಗೀತು. ಪ್ರತಿವಾದಿ ಅಂದ್ರೆ ಶತ್ರು ಅಂತ ಅಲ್ಲ, ಪಾಲಿನ ದಾವೇಲಿ ವಾದಿಗೆ ಎಷ್ಟು ಪಾಲು ಸಿಗುತ್ತೋ ಅದೇ ಲೆಕ್ಕದಲ್ಲಿ ಪ್ರತಿವಾದಿಗೂ ಪಾಲು ಗೊತ್ತುಮಾಡ್ತಾರೆ. ನಮ್ಮ ಕಡೆ ಹೆಣ್ಣುಮಕ್ಕಳು ಪ್ರತಿವಾದಿ ಅನ್ನೋ ಪದಕ್ಕೇ ಹೆದರ್ತಾರೆ, ಸಮನ್ಸ್ ಬಂದ್ರೆ ಊರಲ್ಲಿ ಮರ್ಯಾದೆ ಹೋಯ್ತು ಅಂತಾರೆ. ಅಮ್ಮನೂ ಹಾಗೇ ಅಂದ್ರು. ಇನ್ನೊಂದು ದಾರಿ, ದಾವೆ ಹಾಕಿದ್ಮೇಲೂ ಆರ್ಡರ್ 1 ರೂಲ್ 10ರಲ್ಲಿ ಬಿಟ್ಟುಹೋದವರನ್ನ ಸೇರಿಸಬಹುದು, ಸಾಕ್ಷಿ ಶುರುವಾಗೋ ಮೊದಲಾದ್ರೆ ದಾವಾಪತ್ರ ತಿದ್ದುಪಡಿನೂ ಸಲೀಸು. ಆಕ್ಷೇಪಣೆ ಬಂದ ಕೂಡಲೇ ಒಂದು ಐಎ (ಮಧ್ಯಂತರ ಅರ್ಜಿ) ಹಾಕಿ ಸೇರಿಸಿಬಿಟ್ಟಿದ್ರೆ ಆಗಿತ್ತು. ಬದಲಿಗೆ ನಮ್ಮ ಲಾಯರ್, ಅಮ್ಮ ಅವಶ್ಯ ಪಕ್ಷಗಾರರೇ ಅಲ್ಲ ಅಂತ ವಾದಕ್ಕೆ ನಿಂತ್ರು. ಎದುರು ಪಕ್ಷ ತೋರಿಸಿದ ತೂತನ್ನ ಮುಚ್ಚೋ ಬದಲು ತೂತೇ ಇಲ್ಲ ಅಂತ ಎರಡು ವರ್ಷ ಜಗಳ ಆಡಿದ ಹಾಗಾಯ್ತು.

ಇದರ ಜೊತೆಗೇ ಬರೋದು ಪೂರ್ತಿ ಆಸ್ತಿ ಸೇರಿಸಿಲ್ಲ ಅನ್ನೋ ತಕರಾರು. ಪಾಲು ಕೇಳೋರು ಕುಟುಂಬದ ಎಲ್ಲಾ ಆಸ್ತಿನೂ ಷೆಡ್ಯೂಲಲ್ಲಿ, ಅಂದ್ರೆ ದಾವಾಪತ್ರದ ಆಸ್ತಿ ಪಟ್ಟೀಲಿ, ತೋರಿಸ್ಬೇಕು, ತುಂಡು ಪಾಲಿನ ದಾವೆ ನಿಲ್ಲಲ್ಲ ಅಂತ 1994ರ ಕೆಂಚೇಗೌಡ ತೀರ್ಪು ಇದೆ. ನಮ್ಮದ್ರಲ್ಲಿ ಕುಶಾಲನಗರದ ಒಂದು ಸೈಟು ಬಿಟ್ಟುಹೋಗಿತ್ತು, ಚಿಕ್ಕಮ್ಮನಿಗೆ ಅದು ಇರೋದೇ ಗೊತ್ತಿರ್ಲಿಲ್ಲ. ಇನ್ನು ಕೊಡಗಲ್ಲಿ 2018ರ ಆಗಸ್ಟ್ ಮಳೆ ಆದ್ಮೇಲೆ ಹೊಸದಾಗಿ ಹುಟ್ಟಿಕೊಂಡ ತೊಂದ್ರೆ ಒಂದಿದೆ, ಷೆಡ್ಯೂಲಲ್ಲಿ ಪೂರ್ವಕ್ಕೆ ತೋಡು (ಸಣ್ಣ ಹಳ್ಳ), ಉತ್ತರಕ್ಕೆ ಇಂಥವರ ತೋಟದ ಬರೆ (ದಿಣ್ಣೆಯ ಅಂಚು) ಅಂತ ಹಳೇ ಕಾಗದ ನೋಡಿ ಬರೆದಿರ್ತಾರೆ, ಸ್ಥಳಕ್ಕೆ ಹೋದ್ರೆ ಬರೆ ಕುಸಿದು ತೋಡೇ ಮುಚ್ಚಿಹೋಗಿದೆ. ಆಸ್ತಿ ಗುರುತು ಹಿಡಿಯೋ ಹಾಗೆ ವಿವರ ಕೊಡ್ಬೇಕು ಅನ್ನೋದು ಕಡ್ಡಾಯ ಆಗಿರೋದ್ರಿಂದ ಇದನ್ನೂ ಆಕ್ಷೇಪಣೆ ಅಂತ ಎತ್ತೋಕೆ ಆಗುತ್ತೆ. ಮಕ್ಕಂದೂರು, ಹಟ್ಟಿಹೊಳೆ ಕಡೆ ಜಮೀನಿರೋರು ದಾವೆ ಹಾಕೋ ಮೊದಲು ಸರ್ವೆ ಮಾಡಿಸಿ ಹೊಸ ಸ್ಕೆಚ್ ಇಟ್ಕೊಳ್ಳೋದು ವಾಸಿ, ಸರ್ವೆ ನಂಬರಂತೂ ಬಿಡಲೇಬಾರದು.

ಜಮ್ಮಾ, ಅಂದ್ರೆ ಕೊಡಗಲ್ಲಿ ವಂಶಪಾರಂಪರ್ಯವಾಗಿ ಬಂದ ಹಿಡುವಳಿ ಜಮೀನಿನ ವಿಷಯ ಬಂದ್ರೆ ಇದೆಲ್ಲ ನಾಲ್ಕು ಪಟ್ಟು ಗೋಜಲು. ದಕ್ಷಿಣ ಕೊಡಗಿನ ಒಕ್ಕಗಳಲ್ಲಿ, ಅಂದ್ರೆ ಒಂದೇ ಮೂಲದ ದೊಡ್ಡ ಕುಟುಂಬಗಳಲ್ಲಿ, ಜಮೀನು ಪಟ್ಟೆದಾರನ (ಒಕ್ಕದ ಯಜಮಾನನ) ಹೆಸರಲ್ಲಿ ಇರುತ್ತೆ, ಅವರು ತೀರಿಹೋಗಿ ಎರಡು ತಲೆಮಾರು ಆಗಿದ್ರೂ ಪಹಣಿಲಿ ಅದೇ ಹೆಸರು, ಕೆಳಗೆ ಒಂದಷ್ಟು ಜನರ ಹೆಸರು, ಯಾರ ಪಾಲು ಎಷ್ಟು ಅಂತ ಇಲ್ಲ. ಹಿಂದಿನ ಕಾಲದಲ್ಲಿ ಒಕ್ಕದ ಆಸ್ತಿನ ಒಡೆಯೋ ಪದ್ಧತಿನೇ ಇರ್ಲಿಲ್ಲ, ಅನುಭವಕ್ಕೆ ಅಂತ ಹಂಚಿಕೊಂಡು ಉಳ್ತಿದ್ರು, 1899ರ ಕೊಡಗು ಭೂ ಕಂದಾಯ ರೆಗ್ಯುಲೇಷನ್ ಬಂದಿದ್ದೂ ಆ ವ್ಯವಸ್ಥೆ ಇದ್ದಾಗಲೇ. ಆಮೇಲೆ 1956ರಲ್ಲಿ ಕೊಡಗು ಮೈಸೂರು ರಾಜ್ಯಕ್ಕೆ ಸೇರ್ತು, 1964ರ ಭೂ ಕಂದಾಯ ಕಾಯ್ದೆ ಬಂತು, ಹಳೇ ದಾಖಲೆ ಹೊಸ ಕಾಲಂಗೆ ಸರಿಯಾಗಿ ಕೂರ್ಲೇ ಇಲ್ಲ. ಈಗ ಯಾರಾದ್ರೂ ಪಾಲಿನ ದಾವೆ ಹಾಕಿದ್ರೆ ಸಾಲಾಗಿ ಬರ್ತವೆ ಆಕ್ಷೇಪಣೆಗಳು. ಒಕ್ಕದ ಅರವತ್ತು ಜನರಲ್ಲಿ ನಲವತ್ತೇ ಜನರನ್ನ ಸೇರಿಸಿದೀರ, ಪಟ್ಟೆದಾರನ ವಾರಸುದಾರರನ್ನ ಬಿಟ್ಟಿದೀರ, ಐನ್‌ಮನೆ (ಒಕ್ಕದ ಮೂಲಮನೆ) ಪಾಲಾಗೋ ಆಸ್ತಿ ಅಲ್ಲ, ಬಾಣೆ (ಗದ್ದೆಗೆ ಸೇರಿದ ಮರಗಿಡದ ಎತ್ತರದ ಜಾಗ) ಸರ್ಕಾರದ್ದು ಹಾಗಾಗಿ ಸರ್ಕಾರವನ್ನೂ ಸೇರಿಸ್ಬೇಕಿತ್ತು, ಸರ್ಕಾರವನ್ನ ಸೇರಿಸಿದ್ರೆ, ಸರ್ಕಾರದ ಮೇಲೆ ದಾವೆ ಹಾಕೋ ಮೊದಲು ಕೊಡ್ಬೇಕಾದ 80ನೇ ಸೆಕ್ಷನ್ ನೋಟಿಸ್ ಕೊಟ್ಟಿಲ್ಲ. ಬಾಣೆ ಮೇಲಿನ ಹಕ್ಕಿನ ಬಗ್ಗೆ 1993ರಲ್ಲಿ ಹೈಕೋರ್ಟಿನ ಪೂರ್ಣಪೀಠದ ತೀರ್ಪು ಬಂತು, ಆಮೇಲೆ 2011ರಲ್ಲಿ ಕಂದಾಯ ಕಾಯ್ದೆಗೇ ತಿದ್ದುಪಡಿ ಆಯ್ತು, ಆದ್ರೂ ಪಹಣಿ ಸರಿಯಾಗದ ಕುಟುಂಬಗಳಲ್ಲಿ ಈ ತಕರಾರು ಇನ್ನೂ ತಣ್ಣಗಾಗಿಲ್ಲ.

ನನ್ನ ಅಭಿಪ್ರಾಯದಲ್ಲಿ ಇವುಗಳಲ್ಲಿ ಬಹುಪಾಲು ಹೊಸ್ತಿಲಲ್ಲಿ ತೀರ್ಮಾನ ಆಗೋ ಪ್ರಶ್ನೆಗಳೇ ಅಲ್ಲ. ಐನ್‌ಮನೆ ಪದ್ಧತಿ ಏನು, ಬಾಣೆ ಯಾವಾಗ ಸಾಗು ಆಯ್ತು, ಅನುಭವದ ಹಂಚಿಕೆ ಶಾಶ್ವತ ಪಾಲು ಆಗಿತ್ತಾ, ಇದಕ್ಕೆಲ್ಲ ಹಳೇ ದಾಖಲೆ, ಹಿರಿಯರ ಸಾಕ್ಷಿ ಬೇಕು. ಸಾಕ್ಷಿ ಬೇಕು ಅಂದ ಕೂಡಲೇ ಅದು ಪ್ರಾಥಮಿಕ ಪ್ರಶ್ನೆ ಆಗಿ ಉಳಿಯಲ್ಲ, ಇಶ್ಯೂ ಬರೆದು ಉಳಿದಿದ್ದರ ಜೊತೆಗೇ ನಡೆಸ್ಬೇಕು. ಹಿಂದೆ ಒಂದು ದಾವೇಲಿ ತೀರ್ಮಾನ ಆಗಿದೆ ಅನ್ನೋ ವಾದಕ್ಕೂ ಇದೇ ಮಾತು, ಆ ಹಳೇ ಕೇಸಿನ ಕಾಗದ, ಇಶ್ಯೂ, ತೀರ್ಪು ಎಲ್ಲಾ ಹೋಲಿಸಿ ನೋಡ್ಬೇಕಾಗಿರೋದ್ರಿಂದ ಸೆವೆನ್ ಇಲೆವೆನ್‌ನಲ್ಲಿ ಅದನ್ನ ಮುಗಿಸೋಕೆ ಆಗಲ್ಲ ಅಂತ 2021ರಲ್ಲಿ ಶ್ರೀಹರಿ ಟೋಟಲಾ ಕೇಸಲ್ಲಿ ಸುಪ್ರೀಂ ಕೋರ್ಟು ಸ್ಪಷ್ಟ ಮಾಡಿದೆ.

ಹೆಣ್ಣುಮಕ್ಕಳಿಗೆ ಹಕ್ಕೇ ಇಲ್ಲ, ಹಾಗಾಗಿ ದಾವೆಗೆ ಕಾರಣವೇ ಇಲ್ಲ ಅನ್ನೋ ಆಕ್ಷೇಪಣೆ ಹತ್ತು ವರ್ಷದ ಹಿಂದೆ ಎಲ್ಲಾ ಉತ್ತರದಲ್ಲೂ ಮೊದಲ ಪ್ಯಾರಾದಲ್ಲೇ ಇರ್ತಿತ್ತು. ಕರ್ನಾಟಕ 1994ರಲ್ಲೇ ಹೆಣ್ಣುಮಕ್ಕಳಿಗೆ ಹಕ್ಕು ಕೊಟ್ಟಿತ್ತು, ಆದ್ರೆ ಅಷ್ಟರೊಳಗೆ ಮದುವೆ ಆದವರಿಗೆ ಇಲ್ಲ ಅಂತ, ಚಿಕ್ಕಮ್ಮ, ಅಮ್ಮ ಇಬ್ರೂ ಅದ್ರಲ್ಲಿ ಹೊರಗೆ. ಹಿಂದೂ ಉತ್ತರಾಧಿಕಾರ ಕಾಯ್ದೆಗೆ 2005ರ ಕೇಂದ್ರದ ತಿದ್ದುಪಡಿ ಬಂದು, 2020ರ ಆಗಸ್ಟ್ 11ರಂದು ಸುಪ್ರೀಂ ಕೋರ್ಟಿನ ವಿನೀತಾ ಶರ್ಮಾ ತೀರ್ಪು ಬಂದ್ಮೇಲೆ ಹುಟ್ಟಿನಿಂದಲೇ ಹಕ್ಕು, ಅಪ್ಪ 2005ರಲ್ಲಿ ಬದುಕಿರ್ಲೇಬೇಕು ಅಂತೇನಿಲ್ಲ ಅಂತ ಆಯ್ತು. 2004ರ ಡಿಸೆಂಬರ್ 20ಕ್ಕೆ ಮೊದಲು ಆಗಿಹೋದ ಪಾಲು, ಮಾರಾಟ ಮಾತ್ರ ಕದಲಲ್ಲ. ಅದಕ್ಕೇ ಈಗ ಆಕ್ಷೇಪಣೆಯ ರೂಪ ಬದಲಾಗಿದೆ, ಅವತ್ತೇ ಬಾಯಿಮಾತಲ್ಲಿ ಪಾಲಾಗಿತ್ತು ಅಂತ ಹೇಳ್ತಾರೆ, ಸ್ಟಾಂಪ್ ಇಲ್ಲದ ಒಂದು ಪಾಲುಪಟ್ಟಿ ತಂದು ಇಡ್ತಾರೆ. ಬಾಯಿಮಾತಿನ ಪಾಲನ್ನ ಸಾರ್ವಜನಿಕ ದಾಖಲೆಗಳ ಬೆಂಬಲ ಇಲ್ಲದೆ ನಂಬಬಾರದು ಅಂತ ಅದೇ ತೀರ್ಪಲ್ಲಿ ಇದೆ. ಖಾತೆ ಬದಲಾಗಿದೆ, ಮ್ಯುಟೇಷನ್ ಆಗಿದೆ, ನೀನು ಎಸಿ (ಅಸಿಸ್ಟೆಂಟ್ ಕಮಿಷನರ್) ಹತ್ರ ಅಪೀಲು ಹೋಗ್ಲಿಲ್ಲ ಅನ್ನೋದೂ ಇದೇ ಜಾತಿಗೆ ಸೇರಿದ್ದು. ಮ್ಯುಟೇಷನ್ ಕಂದಾಯ ವಸೂಲಿಗೆ, ಅದರಿಂದ ಮಾಲೀಕತ್ವ ಹುಟ್ಟಲ್ಲ, ಹೋಗಲ್ಲ.

ಪ್ರತಿವಾದಿಯಾಗಿ ಇದನ್ನ ಓದ್ತಿರೋರಿಗೂ ಒಂದು ಮಾತು. ನಿಜವಾದ ಆಕ್ಷೇಪಣೆ ಇದ್ರೆ ಮೊದಲ ಉತ್ತರದಲ್ಲೇ ಎತ್ತಿ, ಪಕ್ಷಗಾರರನ್ನ ಸೇರಿಸಿಲ್ಲ ಅನ್ನೋದನ್ನ, ಬೇರೆ ಊರಿನ ಕೋರ್ಟು ಅನ್ನೋದನ್ನ ಶುರುವಲ್ಲೇ ಹೇಳದಿದ್ರೆ ಬಿಟ್ಟುಕೊಟ್ಟ ಹಾಗೇ. ಕಾಲಮಿತಿ ಬೇರೆ, ಅದನ್ನ ನೀವು ಹೇಳದಿದ್ರೂ ಕೋರ್ಟೇ ನೋಡ್ಬೇಕು. ಆದ್ರೆ ಗೆದ್ದುಬಿಟ್ವಿ ಅನ್ಕೊಳ್ಳೋಕೂ ಆಗಲ್ಲ, ದಾವಾಪತ್ರ ತಿರಸ್ಕಾರ ಆದ್ರೂ ಕಾಲಮಿತಿ ಉಳಿದಿದ್ರೆ ತಪ್ಪು ಸರಿಮಾಡಿ ಅದೇ ಕಾರಣದ ಮೇಲೆ ಹೊಸ ದಾವೆ ಹಾಕೋಕೆ ಆರ್ಡರ್ 7 ರೂಲ್ 13 ಬಿಡುತ್ತೆ. ಎಷ್ಟೋ ಮನೆಲಿ ಐದು ವರ್ಷ ಹೊಸ್ತಿಲಲ್ಲಿ ಕಾದಾಡಿ ಗೆದ್ದು, ಮತ್ತೆ ಮೊದಲ ಪುಟದಿಂದ ಅದೇ ಜಗಳ ಶುರು ಆಗಿದೆ.

ನಮ್ಮ ಕೇಸಲ್ಲಿ ಸೆವೆನ್ ಇಲೆವೆನ್ ಅರ್ಜಿ 2020ರಲ್ಲಿ ಬಂತು, ಕೋವಿಡ್ ಅಂತ ಕೋರ್ಟು ಮುಚ್ಚಿತ್ತು, 2022ರಲ್ಲಿ ಅರ್ಜಿ ವಜಾ ಆಯ್ತು. ಖುಷಿಪಟ್ವಿ. ಮಾವಂದಿರು ಆ ಆದೇಶ ಮರುಪರಿಶೀಲಿಸಿ ಅಂತ, ರಿವಿಷನ್ ಅಂತಾರೆ, ಹೈಕೋರ್ಟಿಗೆ ಹೋಗಿ ಸ್ಟೇ ತಂದ್ರು. ಬೆಂಗಳೂರು ನಮಗೆ 250 ಕಿಲೋಮೀಟರ್, ಜಿಲ್ಲೇಲಿ ರೈಲಿಲ್ಲ, ಬೆಳಗಿನ ಜಾವದ ಬಸ್ಸು ಹಿಡೀಬೇಕು, ಚಿಕ್ಕಮ್ಮನಿಗೆ ಮಂಡಿನೋವು. ಎರಡು ವರ್ಷ ಅಲ್ಲೇ ಹೋಯ್ತು. 2024ರಲ್ಲಿ ಕಾಲಮಿತಿ ಪ್ರಶ್ನೆ ಸಾಕ್ಷಿ ಆದ್ಮೇಲೆ ನೋಡಿ ಅಂತ ಹೇಳಿ ಕೇಸು ಕೆಳಗೆ ಬಂತು. ಇಷ್ಟೆಲ್ಲ ಆದ್ಮೇಲೆ ಬೇರೆ ಲಾಯರ್ ಹಿಡಿದ್ವಿ, ಇವರು ಹೆಣ್ಣುಮಗಳು, ಫೈಲ್ ಪಕ್ಕಕ್ಕಿಟ್ಟು ಚಿಕ್ಕಮ್ಮನನ್ನ ಕೂರಿಸಿ ಎರಡು ಗಂಟೆ ಕೇಳಿದ್ರು, ಮದುವೆ ಯಾವಾಗ, ತವರಿಗೆ ಕೊನೇ ಸಲ ಯಾವಾಗ ಹೋಗಿದ್ರಿ, ಏನು ಕೊಟ್ಟು ಕಳಿಸ್ತಿದ್ರು, ಯಾರು ತಂದುಕೊಡ್ತಿದ್ರು. ಮೆಣಸಿನ ಚೀಲದ ವಿಷಯ ಅವತ್ತು ಹೊರಗೆ ಬಂತು. ತಂದುಕೊಡ್ತಿದ್ದ ಜೀಪ್ ಡ್ರೈವರ್ ಇನ್ನೂ ಇದಾರೆ, ಸಾಕ್ಷಿ ಹೇಳ್ತೀನಿ ಅಂದಿದಾರೆ.

ತಿದ್ದುಪಡಿ ಅರ್ಜಿ ಕಳೆದ ವರ್ಷ ಒಪ್ಪಿಗೆ ಆಯ್ತು. ಈಗ ದಾವಾಪತ್ರದಲ್ಲಿ 1991ರಿಂದ 2016ರವರೆಗಿನ ಅಕ್ಕಿ, ಮೆಣಸು, ದುಡ್ಡು ಎಲ್ಲಾ ಒಂದು ಪ್ಯಾರಾ ಆಗಿದೆ, ದೊಡ್ಡಮಾವ ಹೇಳಿದ ಮಾತು ಇನ್ನೊಂದು ಪ್ಯಾರಾ. ಕುಶಾಲನಗರದ ಸೈಟು ಷೆಡ್ಯೂಲಿಗೆ ಸೇರಿದೆ. ಅಮ್ಮ 4ನೇ ಪ್ರತಿವಾದಿ. ಸಮನ್ಸ್ ಹಿಡ್ಕೊಂಡು ಕೋರ್ಟಿನ ಅಮೀನ ಬರೋ ದಿನ ಚಿಕ್ಕಮ್ಮ ತಾವೇ ಬೆಳಿಗ್ಗೆ ನಮ್ಮನೆಗೆ ಬಂದು ಕೂತಿದ್ರು. ಅಕ್ಕ, ಸೈನ್ ಹಾಕು, ಇದು ನಿನ್ನ ಮೇಲಿನ ಕೇಸಲ್ಲ, ನಿನ್ನ ಪಾಲೂ ಇದರಲ್ಲೇ ಇದೆ ಅಂದ್ರು. ಅಮ್ಮ ಕನ್ನಡಕ ಹುಡುಕಿ ಹಾಕ್ಕೊಂಡು, ಮೂರೂ ಹಾಳೆ ಪೂರ್ತಿ ಓದಿ, ಆಮೇಲೆ ಸೈನ್ ಹಾಕಿದ್ರು.